ಕಿವಿಯಿಂದ ಕಲಿತ ಅಡುಗೆ

ನಾನು ಅಡುಗೆಯನ್ನು ಕಿವಿಯಿಂದ ಕಲಿತವನು. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ಜನ ಅಮ್ಮನ ಪಕ್ಕ ನಿಂತು ನೋಡಿ ಅಡುಗೆ ಕಲಿಯುತ್ತಾರೆ, ಪುಸ್ತಕ ಓದಿ ಕಲಿಯುತ್ತಾರೆ, ಈಗೀಗ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ. ನಾನು ಮಾತ್ರ ಐವತ್ತೆರಡನೆಯ ವಯಸ್ಸಿನಲ್ಲಿ, ಉಪ್ಪಿನ ಡಬ್ಬಿಗೆ ಫೋನು ಒರಗಿಸಿ, ಸ್ಪೀಕರ್ ಹಾಕಿ, ಒಂದು ರೈಲು ಎರಡು ಬಸ್ಸಿನ ದೂರದಲ್ಲಿರುವ ಹೆಂಡತಿಯ ಮಾತು ಕೇಳುತ್ತ ಕಲಿತೆ. ಹೆಂಡತಿಯ ಮಾತು ಕೇಳುವುದನ್ನೂ ನಾನು ಆಗಲೇ ಕಲಿತದ್ದು ಎಂದು ಅವಳ ಅಂಬೋಣ.

ನಮ್ಮ ಕಡೆಯ ನೂಲಿನ ಗಿರಣಿ ಮುಚ್ಚಿದ ಮೇಲೆ ನೂಲು ಪರೀಕ್ಷಿಸುವುದನ್ನು ಬಿಟ್ಟು ಬೇರೇನೂ ಬಾರದ ನನಗೆ ತಮಿಳು ಸೀಮೆಯ ಸೋಮನೂರಿನ ಹತ್ತಿರದ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತು. ಹೆಂಡತಿ ಶಕುಂತಲೆ ರಾಣೆಬೆನ್ನೂರಿನ ಪಕ್ಕದ ಹಳ್ಳಿಯಲ್ಲಿ ಸರಕಾರಿ ಶಾಲೆಯ ಶಿಕ್ಷಕಿ. ಅವಳನ್ನು ಜಿಲ್ಲೆಯಿಂದ ಜಿಲ್ಲೆಗೆ ವರ್ಗ ಮಾಡಿಸಬಹುದೇ ಹೊರತು ರಾಜ್ಯದಿಂದ ರಾಜ್ಯಕ್ಕೆ ಮಾಡಿಸುವ ಶಕ್ತಿ ಯಾರಿಗೂ ಇಲ್ಲ. ಆಗ ಮಗಳಾದರೂ ಅವಳ ಜೊತೆಗಿದ್ದಳು. ಮರುವರ್ಷ ಅವಳೂ ಮದುವೆಯಾಗಿ ಗಂಡನ ಊರಿಗೆ ಹೋದಳು. ಹೀಗೆ ಒಂದು ಸಂಸಾರ ಎರಡು ಅಡುಗೆಮನೆಯಾಯಿತು.

ನನ್ನ ಅಡುಗೆಮನೆ ಒಂದು ಮಹಡಿ ಕೋಣೆಯ ಮೂಲೆ. ಕೆಳಗೆ ಮನೆಯ ಒಡತಿ ಸೌಡಕ್ಕನ ನಾಲ್ಕು ಮಗ್ಗಗಳು. ಅವರ ಕುಲದೇವರು ಚೌಡೇಶ್ವರಿ. ತಮಿಳಿನ ಬಾಯಲ್ಲಿ ಆಕೆ ಸೌಡೇಶ್ವರಿಯಾಗಿ, ಆ ಹೆಸರಿಟ್ಟುಕೊಂಡ ಮನೆಯೊಡತಿ ಸೌಡಕ್ಕನಾಗಿದ್ದಾರೆ. ತಲೆಮಾರುಗಳ ಹಿಂದೆ ನೇಯುತ್ತ ನೇಯುತ್ತ ಇತ್ತ ಬಂದು ನೆಲೆಸಿದ ಕನ್ನಡದ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಒಮ್ಮೊಮ್ಮೆ ಹೊಸಿಲಿನ ಮೇಲೆ ನಿಂತು ಎರಡೂ. ಕರೆಂಟಿನ ಮಗ್ಗ ಓಡುವಾಗ ಇಡೀ ಬೀದಿ ಕಟಕಟ ಎನ್ನುತ್ತದೆ, ನನ್ನ ಹಲಗೆಯ ಮೇಲಿನ ಡಬ್ಬಿಗಳೂ ಸಣ್ಣಗೆ ಕುಣಿಯುತ್ತವೆ. ಬಂದ ಮೊದಲ ವಾರ ನಿದ್ದೆಗೆಟ್ಟಿದ್ದೆ. ಆಮೇಲೆ ಆ ಸದ್ದು ಕಿವಿಗೆ ಬೀಳುವುದೇ ನಿಂತುಹೋಯಿತು.

ಡಬ್ಬಿಗಳನ್ನು ಜೋಡಿಸಿಕೊಟ್ಟವಳು ಶಕುಂತಲೆ. ಮನೆ ಹೂಡಲು ಬಂದವಳು, ಊರಿನ ತನ್ನ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿತ್ತೋ ಇಲ್ಲಿಯೂ ಅಲ್ಲೇ ಇಟ್ಟಳು. ಮೇಲಿನ ಸಾಲಿನಲ್ಲಿ ರವೆ, ಅವಲಕ್ಕಿ, ಮಂಡಕ್ಕಿ; ಕೆಳಗೆ ಅಕ್ಕಿ, ಬೇಳೆ, ಕಡಲೆಹಿಟ್ಟು; ಬಲಗಡೆ ಶೇಂಗಾ ಚಟ್ನಿಪುಡಿ. ಒಂದೊಂದಕ್ಕೂ ಶಾಲೆಯ ದುಂಡಕ್ಷರದಲ್ಲಿ ಚೀಟಿ ಅಂಟಿಸಿದಳು. ಸೌಡಕ್ಕ ಒಂದು ದಿನ ಮೇಲೆ ಬಂದವರು ಆ ಚೀಟಿಗಳನ್ನು ಬೆರಳಿನಿಂದ ಸವರಿದರು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು.

“ಇದು ಏನು ಬರ್ದಿರೋದು ಸಾರ್?”

“ಜೀರಿಗೆ ಅಂತ.”

“ಜೀರಿಗೇನಾ! ನಾವು ಸೊಲ್ಲೋದೂ ಅದೇ. ನಮ್ಮ ಮಾತಿಗೆ ಇಷ್ಟು ಅಳಗಾದ ಎಳುತ್ತು ಇದೆಯಾ?” ಎಂದು ಆ ಚಂದದ ಅಕ್ಷರಗಳನ್ನು ಒಂದು ನಿಮಿಷ ನೋಡುತ್ತ ನಿಂತರು.

ಹಾಗೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಗಿರಣಿಯಿಂದ ಬಂದು ಕೈಕಾಲು ತೊಳೆದು ಏಳೂವರೆಗೆ ಫೋನು ಹಚ್ಚುವುದು. ದಣಿದು ಬಂದವನಿಗೆ ಮಸಾಲೆ ಹುರಿದು ರುಬ್ಬುವ, ಕಾಯಿ ತುರಿಯುವ ಪಾಠವನ್ನು ಅವಳು ಹೇಳಲಿಲ್ಲ. ಡಬ್ಬಿಯಲ್ಲಿ ಇದ್ದದ್ದರಿಂದಲೇ, ಒಂದೇ ಬಾಣಲೆಯಲ್ಲಿ, ಹದಿನೈದು ನಿಮಿಷಕ್ಕೆ ಮುಗಿಯಬೇಕು. ಸೋಮವಾರ ಉಪ್ಪಿಟ್ಟು, ಮಂಗಳವಾರ ಅವಲಕ್ಕಿ, ಬುಧವಾರ ಅನ್ನಕ್ಕೆ ಕಡಲೆಹಿಟ್ಟಿನ ಜುಣಕ, ಗುರುವಾರ ನಮ್ಮೂರಿನ ಮಂಡಕ್ಕಿ ಒಗ್ಗರಣೆ. ಶುಕ್ರವಾರ ಹಿಂದಿನ ನಾಲ್ಕು ದಿನ ಉಳಿದದ್ದಕ್ಕೆ ಏನಾದರೂ ಒಂದು ಹೆಸರು.

ಸಾಮಾನು ತರುವುದೇ ಮೊದಲ ಪರೀಕ್ಷೆ. ಮಳಿಗೈ ಎಂದು ಕರೆಯುವ ಕಿರಾಣಿ ಅಂಗಡಿಯಲ್ಲಿ ಮಂಡಕ್ಕಿ ಕೇಳಿದರೆ ಅಂಗಡಿಯವರು ನನ್ನ ಮಂಡೆಯನ್ನು ನೋಡಿದರು. ಅದಕ್ಕೆ ಅಲ್ಲಿ ಪೊರಿ ಎನ್ನಬೇಕು. ಕಡಲೆ ಕೇಳಿದರೆ ಶೇಂಗಾ ಕಟ್ಟಿಕೊಟ್ಟರು. ಇನ್ನೊಂದು ದಿನ ಒಲೆಯ ಮೇಲೆ ರವೆ ಸೀದು ಹೊಗೆ ಎದ್ದಾಗ ಸೌಡಕ್ಕ ಕೆಳಗಿನಿಂದ, “ಸಾರ್, ಕರುಗಿಹೋಯ್ತುಂಗ್ಳಾ?” ಎಂದು ಕೂಗಿದರು. ಕಲ್ಲಿನಂತಾದ ರವೆ ಎಲ್ಲಿಂದ ಕರಗಬೇಕು ಎಂದು ನಾನು ಯೋಚಿಸುತ್ತ ನಿಂತೆ. ಸೀದುಹೋಗುವುದಕ್ಕೆ ತಮಿಳಿನಲ್ಲಿ ಹಾಗೆ ಹೇಳುತ್ತಾರೆಂದು ಗೊತ್ತಾಗುವಷ್ಟರಲ್ಲಿ ಬಾಣಲೆಯ ತಳವೂ ಕಪ್ಪಾಗಿತ್ತು. ನಾವು ಅಡುಗೆ ಎನ್ನುತ್ತೇವೆ, ಅವರು ಒಲೆಗೆ ಅಡುಪ್ಪು ಎನ್ನುತ್ತಾರೆ. ಒಂದೇ ಬೇರಿನ ಮಾತುಗಳು ಎಂದು ತಿಳಿದವರು ಹೇಳುತ್ತಾರೆ. ಬೇರು ಒಂದೇ ಆದರೂ ನನ್ನಂಥವನು ಎರಡು ಭಾಷೆಯಲ್ಲೂ ಸೀಯಿಸಬಲ್ಲ.

ಶಕುಂತಲೆಗೆ ವಿಡಿಯೊ ಕರೆ ಆಗದು. ಹಳ್ಳಿಯಲ್ಲಿ ಸಿಗ್ನಲ್ಲೂ ಸಾಲದು, ಮುಖವೂ ಸೊಟ್ಟಗೆ ಕಾಣುತ್ತದಂತೆ. ಹಾಗಾಗಿ ಎಲ್ಲ ಪಾಠವೂ ಶಬ್ದದಲ್ಲಿಯೇ. ಆಶ್ಚರ್ಯವೆಂದರೆ ಅವಳಿಗೆ ಅಷ್ಟೇ ಸಾಕಾಗುತ್ತಿತ್ತು.

“ಎಣ್ಣಿ ಕಾದೈತಿ, ಸಾಸಿವಿ ಹಾಕ್ರಿ.”

“ನಿನಗ ಹೆಂಗ ಗೊತ್ತಾತು?”

“ನೀವು ಸುಮ್ಮನಾದ್ರಿ. ಎಣ್ಣಿ ಕಾಯೂತನಕ ಮಾತಾಡ್ತೀರಿ, ಹೊಗಿ ಬಂದ ಕೂಡ್ಲೇ ಹೆದರಿ ಬಾಯಿ ಮುಚ್ತೀರಿ.”

ಮೊದಲ ತುತ್ತು ಬಾಯಿಗಿಟ್ಟು ‘ಚಲೋ ಆಗೈತಿ’ ಎಂದು ಹೇಳಿದ ಮೇಲೆಯೇ ಅವಳು ಫೋನು ಇಡುತ್ತಿದ್ದುದು. ನಾನೂ ತಪ್ಪದೆ ಕೇಳುತ್ತಿದ್ದೆ, ನಿನ್ನ ಊಟ ಆತೇನು ಅಂತ. “ನಂದೂ ತಿಂದಾತ್ರಿ,” ಎನ್ನುತ್ತಿದ್ದಳು. ಹಬ್ಬಕ್ಕೆಂದು ಊರಿಗೆ ಹೋದಾಗ ಹೋಳಿಗೆ, ಕಟ್ಟಿನ ಸಾರು, ಎರಡೆರಡು ಪಲ್ಯ. ಸ್ವಲ್ಪ ಸೊರಗಿದ್ದಾಳೆ ಅನ್ನಿಸುತ್ತಿತ್ತು. ಕೇಳಿದರೆ ಬಿಸಿಲು ಅನ್ನುತ್ತಿದ್ದಳು, ಶಾಲೆ ಅನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ಹೋಳಿಗೆ ತಿನ್ನುತ್ತಿರುವ ಗಂಡಸಿಗೆ ಏನನ್ನಾದರೂ ನಂಬುವುದು ಸುಲಭ.

ಈ ವರ್ಷದ ಸಂಕ್ರಾಂತಿ ಕಳೆದು ಒಂದೆರಡು ವಾರವಾಗಿರಬಹುದು. ಗುರುವಾರ ಸಂಜೆ, ಮಂಡಕ್ಕಿ ನೆನೆಸಿ ಹಿಂಡಿಟ್ಟು ಒಗ್ಗರಣೆಗೆ ಈರುಳ್ಳಿ ಹಾಕಿದ್ದೆ. ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ದೀಪ ಹೋಯಿತು. ಅದರ ಹಿಂದೆಯೇ ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಧಾನಿಸಿ ನಿಂತುಬಿಟ್ಟವು. ನಾನು ಕತ್ತಲೆಯಲ್ಲಿ ತಡಕಾಡಿ ಗ್ಯಾಸ್ ಆರಿಸಿದೆ. ಎರಡೂವರೆ ವರ್ಷದಲ್ಲಿ ಆ ಹೊತ್ತಿನಲ್ಲಿ ಅಂಥ ಮೌನವನ್ನು ಆ ಕೋಣೆಯಲ್ಲಿ ಕೇಳಿರಲಿಲ್ಲ. ಫೋನು ಮಾತ್ರ ಬೆಳಗುತ್ತಿತ್ತು. ಅದರೊಳಗಿನಿಂದ ನಮ್ಮ ಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಆಮೇಲೆ ಒಂದು ಪೊಟ್ಟಣದ ಕಾಗದ ಚರಚರ ಎಂದಿತು. ಆಮೇಲೆ ಕರುಂ ಎಂದು ಸಣ್ಣ ಸದ್ದು.

“ಶಕ್ಕೂ, ಏನ್ ತಿನ್ನಾಕತ್ತಿ?”

“ಏನಿಲ್ರಿ. ಯಾಕ, ಈರುಳ್ಳಿ ಕೆಂಪಗಾತೇನು?”

“ಕರೆಂಟ್ ಹೋಗೈತಿ. ಬಿಸ್ಕೀಟ ತಿನ್ನಾಕತ್ತೀಯೇನು?”

“ಹೂಂ.”

“ಊಟದ ಹೊತ್ತಿನ್ಯಾಗ ಯಾಕ ಬಿಸ್ಕೀಟ?”

ಪೊಟ್ಟಣ ಮಡಚಿಟ್ಟ ಸದ್ದಾಯಿತು.

“ಇದ ಊಟ್ರಿ,” ಎಂದಳು.

ಮೊದಲು ನನಗೆ ಅರ್ಥವಾಗಲಿಲ್ಲ. ಇವತ್ತೊಂದು ದಿನವೇ ಎಂದು ಕೇಳಿದೆ. ಅಲ್ಲವಂತೆ. ಮಗಳು ಹೋದಾಗಿನಿಂದ ಹೆಚ್ಚುಕಡಿಮೆ ಹೀಗೆಯೇ ಅಂತೆ. ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳ ಜೊತೆ ಬಿಸಿಯೂಟ, ರಾತ್ರಿಗೆ ಚಹಾ ಮತ್ತು ನಾಲ್ಕು ಬಿಸ್ಕತ್ತು.

“ದಿನಾ ನನಗ ಅಡಿಗಿ ಹೇಳ್ಕೊಡ್ತಿದ್ದೆಲ್ಲ, ನೀನೂ ಮಾಡ್ಕೊಳ್ಳಾಕತ್ತೀ ಅಂದ್ಕೊಂಡಿದ್ನಿ!”

“ಮೊದಲ ವಾರ ಮಾಡ್ಕೊಂಡ್ನಿ. ಒಂದ ತಾಟು ಇಟ್ಕೊಂಡು ಕುಂತ್ರ ಗಂಟಲಾಗ ಇಳೀಲಿಲ್ಲ. ನಿಮಗ ಹೇಳ್ಕೋತ ಈ ಡಬ್ಬಿ ಮುಂದ ನಿಂತಾಗ ಮಾತ್ರ ಮನ್ಯಾಗ ಅಡಿಗಿ ಆಗಾಕತ್ತೈತಿ ಅನ್ನಸ್ತಿತ್ತು. ನಿಮ್ಮದು ಮುಗೀತಂದ್ರ ನಂದೂ ಮುಗೀತು.”

ನಾನು ಸಿಟ್ಟು ಮಾಡಿದೆ. ನೀನು ಸುಳ್ಳು ಹೇಳಿದೆ ಎಂದೆ. ಅವಳು ನಾನೇನೂ ಸುಳ್ಳು ಹೇಳಿಲ್ಲ ಎಂದು ಫೋನು ಇಟ್ಟಳು. ಆಮೇಲೆ ಕತ್ತಲೆಯಲ್ಲಿ ಕುಳಿತು ಯೋಚಿಸಿದರೆ ನಿಜವಾಗಿಯೂ ಅವಳು ಸುಳ್ಳು ಹೇಳಿರಲಿಲ್ಲ. ಊಟ ಆತೇನು ಎಂದು ಕೇಳಿದರೆ, ಮಗಳು ಹೋದಮೇಲೆ ಅವಳು ಒಂದು ದಿನವೂ ‘ಉಂಡೆ’ ಎಂದಿರಲಿಲ್ಲ. ‘ತಿಂದೆ’ ಎಂದೇ ಹೇಳಿದ್ದಳು. ಕನ್ನಡದಲ್ಲಿ ತಿನ್ನುವುದು ಬೇರೆ, ಉಣ್ಣುವುದು ಬೇರೆ. ಬಿಸ್ಕತ್ತನ್ನು ತಿನ್ನಬಹುದು, ಉಣ್ಣಲಾಗದು. ಉಣ್ಣಲು ಒಂದು ತಟ್ಟೆ ಬೇಕು, ಕಲಸುವ ಕೈ ಬೇಕು, ಇನ್ನೊಂದು ತುತ್ತು ಹಾಕಲೇ ಎಂದು ಕೇಳುವವರು ಬೇಕು. ಮಕ್ಕಳಿಗೆ ಇಪ್ಪತ್ತೈದು ವರ್ಷ ಭಾಷೆ ಕಲಿಸಿದವಳು ಸರಿಯಾದ ಶಬ್ದವನ್ನೇ ಆರಿಸಿ ನನ್ನ ಕೈಗೆ ಕೊಡುತ್ತಿದ್ದಳು. ಕಿವಿಯಿಂದ ಕಲಿಯುವವನೆಂದು ಮೆರೆದ ನನಗೆ ಆ ಒಂದು ಶಬ್ದ ಕೇಳಿಸಿರಲಿಲ್ಲ.

ಮೇಣದ ಬತ್ತಿಗೆಂದು ಕೆಳಗಿಳಿದೆ. ಮಗ್ಗ ನಿಂತ ಬೇಸರಕ್ಕೆ ಸೌಡಕ್ಕ ಹೊಸಿಲ ಮೇಲೆ ಕುಳಿತು ಬೀಸಣಿಗೆ ಆಡಿಸುತ್ತಿದ್ದರು. ನನ್ನ ದನಿಯಲ್ಲಿ ಏನು ಕೇಳಿಸಿತೋ, ಕೂರಿಸಿ ವಿಚಾರಿಸಿದರು. ಹೇಳಿದೆ. ನನ್ನನ್ನು ಸಮಾಧಾನ ಮಾಡುತ್ತಾರೆಂದುಕೊಂಡಿದ್ದೆ.

“ಎರಡು ವರ್ಷ ಅವಳು ನಿಮಗೆ ಅಡುಗೆ ಸೊಲ್ಲಿಕೊಟ್ಟಳು. ನೀವು ಅವಳಿಗೆ ಒಂದು ನಾಳಾದರೂ ಮಾಡಿ ಹಾಕಿದ್ದೀರುಂಗ್ಳಾ?” ಎಂದರು.

ಒಂದು ದಿನವೂ ಇಲ್ಲ. ಹಬ್ಬಕ್ಕೆ ಹೋದವನು ತಾಟಿನ ಮುಂದೆ ಕುಳಿತವನೇ.

“ಹೋಗಿ ಮಾಡಿ ಹಾಕುಂಗ. ಅವಳು ಸೊಲ್ಲಿಕೊಟ್ಟದ್ದು ಬೇಡ. ಅದು ಅವಳ ಅಡುಗೇನೇ ಅಲ್ವಾ? ನಾನು ಸೊಲ್ತೀನಿ ವಾಂಗ,” ಎಂದು ಮೊಬೈಲಿನ ಬೆಳಕಿನಲ್ಲಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

ಅವರು ಕಲಿಸಿದ್ದು ಆ ಸೀಮೆಯ ಮನೆಮನೆಯಲ್ಲೂ ದಣಿದ ಸಂಜೆ ಆಗುವ ಅಡುಗೆ. ಹೊರಗೆ ಅದು ಅರಿಸಿ ಪರುಪ್ಪು ಸಾದಂ. ಸೌಡಕ್ಕನ ಮನೆಮಾತಿನಲ್ಲಿ ಅಕ್ಕಿ ಪರುಪ್ಪು ಅನ್ನ, ಪರುಪ್ಪು ಎಂದರೆ ಬೇಳೆ; ಹೊಸಿಲಿನ ಮೇಲೆ ನಿಂತ ಹೆಸರು. ಒಂದು ಲೋಟ ಅಕ್ಕಿ, ಕಾಲು ಲೋಟ ತೊಗರಿಬೇಳೆ. ಕುಕ್ಕರಿಗೆ ಎರಡು ಚಮಚ ಎಣ್ಣೆ. ಅವರ ಮನೆಯಲ್ಲಿ ಕಾಂಗೇಯ ಎಂಬ ಊರಿನ ಗಾಣದ ಕೊಬ್ಬರಿ ಎಣ್ಣೆ. ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಧಾರಾಳವಾಗಿ, ಸಣ್ಣ ಈರುಳ್ಳಿ, ಚಿಟಿಕೆ ಅರಿಶಿನ. ಅಕ್ಕಿ ಬೇಳೆ ನೀರು ಉಪ್ಪು ಹಾಕಿ ಮುಚ್ಚಿದರೆ ಮೂರು ಸೀಟಿ. ಅಷ್ಟೇ. ಮರುದಿನ ಅವರೆದುರಿಗೇ ನನ್ನ ಕೈಯಿಂದ ಮಾಡಿಸಿದರು. ಉಪ್ಪು ಮರೆತಿದ್ದೆ. ಅದರ ಮರುದಿನ ಮತ್ತೆ ಮಾಡಿಸಿದರು. ಮುಂದಿನ ಶುಕ್ರವಾರ ರಜೆ ಹಾಕಿ ರೈಲು ಹತ್ತಿದೆ.

ಶನಿವಾರ ಸಂಜೆ ಹೇಳದೆ ಕೇಳದೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅವಳಿಗೆ ಆದದ್ದು ಸಂತೋಷವಲ್ಲ.

“ಏನಾತ್ರಿ? ಈ ಗಿರಣೀನೂ ಮುಚ್ಚಿತೇನು?”

“ಇಲ್ಲ. ಅಡಿಗಿ ಮಾಡಾಕ ಬಂದೀನಿ.”

“ಕೈಕಾಲು ತೊಳ್ಕೊರಿ, ಎರಡು ರೊಟ್ಟಿ ಬಡೀತೀನಿ,” ಎಂದು ಸೆರಗು ಸಿಕ್ಕಿಸಿದಳು. ಕೈ ಎತ್ತಿದಾಗ ಬಳೆಗಳು ಮೊಣಕೈಯ ತನಕ ಜಾರಿದವು. ನಾನು ಅವಳನ್ನು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂರಿಸಿದೆ.

ಡಬ್ಬಿಗಳು ಅವೇ, ಸಾಲು ಅದೇ. ಕಣ್ಣು ಮುಚ್ಚಿಯೂ ಹುಡುಕಬಹುದಿತ್ತು. ಕೈ ಅಭ್ಯಾಸದಿಂದ ಮೊದಲು ರವೆಯ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದೆ. ರವೆ ಬಲೆಗಟ್ಟಿ ಅದರ ತುಂಬ ಸಣ್ಣ ಹುಳ ಹರಿದಾಡುತ್ತಿತ್ತು. ಪ್ರತಿ ಸೋಮವಾರ ಆ ಡಬ್ಬಿಯ ಮುಂದೆ ನಿಂತು ‘ರವಾ ಸಣ್ಣ ಉರಿಯೊಳಗ ಹುರೀರಿ’ ಎನ್ನುತ್ತಿದ್ದವಳು ಅದನ್ನು ಎಷ್ಟು ತಿಂಗಳಿನಿಂದ ತೆರೆದಿರಲಿಲ್ಲವೋ. ಹಿಂತಿರುಗಿ ನೋಡಿದೆ. ಅವಳು ತಲೆ ತಗ್ಗಿಸಿ ನೆಲದ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಳು. ಇಡೀ ಶಾಲೆಯನ್ನು ಕಣ್ಣಲ್ಲೇ ಹದ್ದುಬಸ್ತಿನಲ್ಲಿಡುವ ಹೆಂಗಸು, ಮನೆಪಾಠ ಮಾಡದ ಹುಡುಗಿಯ ಹಾಗೆ ಕುಳಿತಿದ್ದಳು. ನಾನು ಮುಚ್ಚಳ ಹಾಕಿ ಡಬ್ಬಿಯನ್ನು ಹಿತ್ತಿಲಿಗೆ ಒಯ್ದಿಟ್ಟು ಬಂದೆ.

ಅಕ್ಕಿ ಚೆನ್ನಾಗಿತ್ತು, ಬೇಳೆಯೂ ಚೆನ್ನಾಗಿತ್ತು. ಸಣ್ಣ ಈರುಳ್ಳಿ ಇರಲಿಲ್ಲ, ದೊಡ್ಡದನ್ನೇ ಹೆಚ್ಚಿದೆ. ನೀರು ಎಷ್ಟು ಎಂಬಲ್ಲಿ ಧೈರ್ಯ ಕೈಕೊಟ್ಟಿತು. ಸೌಡಕ್ಕನ ಮನೆಯದು ಬೇಯಿಸಿ ಒಣಗಿಸಿದ ಕುಸುಬಲಕ್ಕಿ, ಇಲ್ಲಿಯದು ಬೇಯಿಸದ ಬೆಳ್ತಿಗೆ. ಸೌಡಕ್ಕನಿಗೇ ಫೋನು ಮಾಡಿ ಸ್ಪೀಕರ್ ಹಾಕಿದೆ.

“ಎರಡೂವರೆ ಲೋಟ ಸಾಕುಂಗ. ಪಕ್ಕದಲ್ಲಿ ಇದ್ದಾಳಾ? ಏನು ಕಣ್ಣು, ಚೆನ್ನಾಗಿದ್ದೀಯಾ?”

ಚಿನ್ನ, ಮರಿ ಎನ್ನುವ ಜಾಗದಲ್ಲಿ ಸೋಮನೂರಿನ ಸೀಮೆಯಾದ ಕೊಂಗುನಾಡಿನವರು ‘ಕಣ್ಣು’ ಎನ್ನುತ್ತಾರೆ. ಶಕುಂತಲೆಗೆ ಅದು ಗೊತ್ತಿಲ್ಲ. “ಕಣ್ಣು ಚಲೋ ಅದಾವ್ರಿ ಅಕ್ಕಾರ, ಹೋದ ವರ್ಷ ಚಾಳೀಸು ಬಂತು ನೋಡ್ರಿ,” ಎಂದಳು. ಆ ಕಡೆ ಸೌಡಕ್ಕ ಒಂದು ಕ್ಷಣ ತಬ್ಬಿಬ್ಬಾದರು. ಅರ್ಥ ಹೇಳುತ್ತ ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಮೂವರಿಗೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ನಾನು ಮೂರೂವರೆ ಲೋಟ ನೀರು ಹಾಕಿಬಿಟ್ಟಿದ್ದೆ.

ಅನ್ನ ಗಂಜಿಗೂ ಮುದ್ದೆಗೂ ನಡುವೆ ಎಲ್ಲೋ ನಿಂತಿತು. ಎರಡು ತಾಟಿಗೆ ಬಡಿಸಿ ಮೇಲೆ ತುಪ್ಪ ಬಿಟ್ಟು ಉಪ್ಪಿನಕಾಯಿ ಇಟ್ಟೆ. ಅವಳು ಮೊದಲ ತುತ್ತು ತೆಗೆದುಕೊಂಡು ಬಹಳ ಹೊತ್ತು ಅಗಿದಳು. ನನಗೆ ಪರೀಕ್ಷೆಯ ಫಲಿತಾಂಶ ಕಾದಂತಾಗಿತ್ತು.

“ನೀರು ಹೆಚ್ಚಾಗೈತಿ,” ಎಂದಳು. ಇನ್ನೊಂದು ತುತ್ತು. “ಬೆಳ್ಳುಳ್ಳಿ ಇನ್ನಷ್ಟು ಜಜ್ಜಬೇಕಿತ್ತು.” ಇನ್ನೊಂದು. ಆಮೇಲೆ ತಪ್ಪು ಹುಡುಕುವುದನ್ನು ನಿಲ್ಲಿಸಿ ಸುಮ್ಮನೆ ಉಣ್ಣತೊಡಗಿದಳು. ತಾಟು ಖಾಲಿಯಾದ ಮೇಲೆ ಮುಂದಕ್ಕೆ ಸರಿಸಿ, ನನ್ನ ಮುಖ ನೋಡದೆ, “ಇನ್ನೊಂದು ಸೌಟು ಹಾಕ್ರಿ,” ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ನಾನು ಹೇಳಿದ್ದಕ್ಕೆ ಲೆಕ್ಕವಿಲ್ಲ, ಅವಳು ಹೇಳಿದ್ದು ಅದೇ ಮೊದಲು. ಒಂದರ ಬದಲು ಎರಡು ಸೌಟು ಹಾಕಿದೆ.

ಒಂದು ಊಟದಿಂದ ಎಲ್ಲ ಸರಿಹೋಯಿತು ಎಂದು ಹೇಳುವಷ್ಟು ಪೆದ್ದ ನಾನಲ್ಲ. ಸೋಮವಾರ ನಾನು ಮತ್ತೆ ಸೋಮನೂರಿನಲ್ಲಿದ್ದೆ, ಅವಳು ಅಲ್ಲಿ ಒಬ್ಬಳೇ. ಆದರೆ ಪದ್ಧತಿ ಬದಲಾಯಿತು. ಮೊದಲು ಅವಳ ಒಲೆ ಹೊತ್ತಬೇಕು, ಆಮೇಲೆ ನನ್ನದು. ಒಮ್ಮೊಮ್ಮೆ ಅವಳಿಗೆ ಮನಸ್ಸಿರುತ್ತಿರಲಿಲ್ಲ. ಅಂಥ ದಿನ ನಾನೂ ಒಲೆ ಹಚ್ಚದೆ ಹಸಿದುಕೊಂಡು ಫೋನಿನ ಮುಂದೆ ಕುಳಿತಿರುತ್ತಿದ್ದೆ. “ಇದೇನ್ರಿ ಹಟ!” ಎಂದು ಬೈದು ಎದ್ದು ಹೋಗಿ ಅವಲಕ್ಕಿಯನ್ನಾದರೂ ಕಲಸುತ್ತಿದ್ದಳು. ಸೌಡಕ್ಕ ವಾರಕ್ಕೊಮ್ಮೆ ನನ್ನ ಫೋನು ಕಸಿದುಕೊಂಡು, “ಕಣ್ಣು, ಇಂದು ಏನು ಸಮೈಯಲು?” ಎಂದು ಅವಳ ಅಡುಗೆ ವಿಚಾರಿಸುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರ ಕನ್ನಡ ಮುಕ್ಕಾಲು ಮಾತ್ರ ಅರ್ಥವಾಗುತ್ತಿತ್ತು. ಉಳಿದ ಕಾಲುಭಾಗಕ್ಕಾಗಿ ಅವರು ಇನ್ನಷ್ಟು ಹೊತ್ತು ಮಾತಾಡುತ್ತಿದ್ದರು.

ಬೇಸಿಗೆ ರಜೆಗೆ ಶಕುಂತಲೆ ಸೋಮನೂರಿಗೆ ಬಂದಳು. ಬಂದ ದಿನ ಸಂಜೆ ಆ ಮೂಲೆಯ ಒಲೆಯ ಮುಂದೆ ಇಬ್ಬರೂ ನಿಂತು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದೆವು. ಪಕ್ಕದಲ್ಲೇ ಇದ್ದವಳು ಫೋನಿನಲ್ಲಿ ಕೂಗುವ ಹಾಗೆ “ಉರಿ ಸಣ್ಣ ಮಾಡ್ರೀ!” ಎಂದು ಕೂಗಿದಳು. ಕೂಗಿದ ಮೇಲೆ ಅವಳಿಗೇ ನಗು ಬಂತು. ಅವತ್ತು ಮಾಡಿದ್ದು ಬರೀ ಉಪ್ಪಿಟ್ಟು. ಮಾಡಲು ಹಿಡಿದದ್ದು ಹದಿನೈದೇ ನಿಮಿಷ.

ಒಬ್ಬನೇ ಇದ್ದಾಗ ಆ ಉಪ್ಪಿಟ್ಟನ್ನು ಐದು ನಿಮಿಷದಲ್ಲಿ ತಿಂದು ಮುಗಿಸಿ ತಟ್ಟೆ ತೊಳೆದು ಬೋರಲು ಹಾಕಿ, ಆಮೇಲೆ ಉಳಿದ ಸಂಜೆಯನ್ನು ಏನು ಮಾಡುವುದೆಂದು ತಿಳಿಯದೆ ಕೋಣೆಯಲ್ಲಿ ಓಡಾಡುತ್ತಿದ್ದೆ. ಬೇಗ ಆಗುವ ಅಡುಗೆಯಿಂದ ಹೊತ್ತು ಉಳಿಯುತ್ತದೆ ನಿಜ, ಆ ಉಳಿದ ಹೊತ್ತು ಯಾರಿಗೆಂದು ಯಾವ ಅಡುಗೆಯವರೂ ಹೇಳಿಕೊಡುವುದಿಲ್ಲ. ಅವತ್ತು ತಾಟುಗಳು ಖಾಲಿಯಾದ ಮೇಲೂ ನಾವು ಏಳಲಿಲ್ಲ. ಅವಳು ಶಾಲೆಯ ಸುದ್ದಿ ಹೇಳಿದಳು, ನಾನು ಗಿರಣಿಯದು ಹೇಳಿದೆ, ಮಗಳ ಸುದ್ದಿಯನ್ನು ಇಬ್ಬರೂ ಹೇಳಿಕೊಂಡೆವು. ಶಾಲೆ ಮತ್ತೆ ತೆರೆಯುವ ಜೂನ್ ತಿಂಗಳ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಎಂಜಲು ಕೈ ಒಣಗಿ ಬಿಗಿಯಿತು. ತೊಳೆದುಕೊಳ್ಳೋಣ ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.